ಗೋಡೆಯಿಲ್ಲದ ಗೇಟು

ನನ್ನದು ಸಿಮೆಂಟ್ ಇಟ್ಟಿಗೆ ಮಾಡುವ ಅಂಗಳ. ಊರಾಚೆಯ ಸರ್ಕಾರಿ ರಸ್ತೆಗೂ ಅದಕ್ಕೂ ನಡುವೆ ಒಂದು ಚರಂಡಿ. ಅದಕ್ಕೆ ಪೈಪು ಹಾಕಿ, ಮಣ್ಣು ತುಂಬಿ, ಲಾರಿ ಬರಲು ದಾರಿ ಮಾಡಿದ್ದೆ. ಒಪ್ಪಿಗೆ ಕೇಳಿ ರಸ್ತೆ ಇಲಾಖೆಗೆ ಅರ್ಜಿಯನ್ನೂ ಹಾಕಿದ್ದೆ. ಒಪ್ಪಿಗೆ ಬರುವ ಮೊದಲು ಮಾವನ ಗೇಟು ಬಂತು.

ಮಾವ ಎಂದರೆ ಹೆಂಡತಿಯ ಅಪ್ಪ, ವೆಲ್ಡಿಂಗ್ ಕೆಲಸದವರು. ಕಣ್ಣು ಮಂಜಾಗಿದೆ, ಇದೇ ನನ್ನ ಕೊನೆಯ ದೊಡ್ಡ ಕೆಲಸ ಎಂದು ಹೇಳಿ, ಎದುರುಬದುರು ಎರಡು ಹಂಸಗಳಿರುವ ಗೇಟು ಮಾಡಿದ್ದರು. ಹೋಗಿಬರುವವರಿಗೆಲ್ಲ ಕಾಣಲಿ ಎಂದು ರಸ್ತೆಯಂಚಿಗೇ ಕಂಬ ನೆಟ್ಟರು. ಬಲಗಡೆಯ ಹಂಸ ಬಾತುಕೋಳಿಯ ಹಾಗಿದೆ ಎಂದು ನಾನು ಹೆಂಡತಿಗೆ ಮಾತ್ರ ಹೇಳಿದ್ದೆ.

ಪರಿಶೀಲನೆಗೆ ಬಂದ ಇಂಜಿನಿಯರಮ್ಮ ಗೇಟು ಮುಚ್ಚಿಸಿ, ನನ್ನದೇ ಲಾರಿಯನ್ನು ಅದರ ಮುಂದೆ ನಿಲ್ಲಿಸಿದರು. ಮೂತಿ ಗೇಟಿಗೆ ತಾಗಿತು, ಉಳಿದ ಮೈಯೆಲ್ಲ ರಸ್ತೆಗೆ ಅಡ್ಡ.

"ಗೇಟು ಹಗಲೆಲ್ಲ ತೆಗೆದೇ ಇರುತ್ತೆ ಮೇಡಂ," ಎಂದೆ.

"ತೆಗೆದೇ ಇರೋದಾದ್ರೆ ಗೇಟು ಯಾಕ್ರೀ?"

"ಒಂದು ಮರ್ಯಾದೆ ಬೇಡ್ವಾ?"

"ನಿಮ್ಮ ಮರ್ಯಾದೆ ಹಿಂದೆ ಬಸ್ಸು ನಿಂತಿದೆ, ನೋಡಿ."

ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಗೇಟು ಮುಚ್ಚಿದ್ದರೂ ಇಡೀ ಲಾರಿ ರಸ್ತೆ ಬಿಟ್ಟು ನಿಲ್ಲಬೇಕು, ಒಳಗೇ ತಿರುಗಿ ಮುಂದಾಗಿ ಹೊರಬರಬೇಕು, ಇದು ನಿಯಮ ಎಂದರು. "ಮುಂದಿನ ವಾರ ಬರ್ತೀನಿ. ಹೀಗೇ ಇದ್ರೆ ಪೈಪು ಕೀಳಿಸ್ತೀನಿ."

"ಕೀಳ್ಸಿ, ನೋಡೇಬಿಡೋಣ!" ಎಂದು ಕೂಗಿದೆ. ಅವರು ಜೀಪು ಹತ್ತಿ ಹೋದರು. ಪೈಪು ಕಿತ್ತರೆ ಲಾರಿ ಇಲ್ಲ, ಲಾರಿ ಇಲ್ಲದಿದ್ದರೆ ಇಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಮಾರಬೇಕು.

ಗೇಟು ಕೀಳಬೇಕೆಂದು ಮಾವನಿಗೆ ಹೇಳುವವರು ಯಾರು?

"ನೀವೇ ಹೇಳಿ," ಎಂದಳು ಹೆಂಡತಿ. "ಊರಿಗೆಲ್ಲ ಬೈಯೋ ಬಾಯಿ ಈಗೆಲ್ಲಿ ಹೋಯ್ತು?"

ಹೋಗಿ ಹೇಳಿದೆ. ಮಾವ ಕನ್ನಡಕ ಒರೆಸಿದರು. ಆಮೇಲೆ ಕೇಳಿದ್ದು ಒಂದೇ: "ಲಾರಿ ಎಷ್ಟುದ್ದ ಇದೆ?"

ಬೆಳಿಗ್ಗೆ ಗ್ಯಾಸ್ ಕಟರ್ ಹಿಡಿದು ತಾವೇ ಬಂದರು. ಗೇಟು ಬಿಚ್ಚಿ, ಒಂದು ಲಾರಿಯುದ್ದಕ್ಕಿಂತ ಸ್ವಲ್ಪ ಹೆಚ್ಚೇ ಒಳಗೆ ಮತ್ತೆ ನಿಲ್ಲಿಸಿದರು. ಬಟ್ಟಬಯಲಿನಲ್ಲಿ ಗೇಟೊಂದೇ ನಿಂತಿತು.

"ಮಾವ, ಎರಡೂ ಕಡೆ ಗೋಡೆ ಇಲ್ವಲ್ಲ?"

"ಇಟ್ಟಿಗೆ ಮಾಡೋರಿಗೆ ಗೋಡೆಗೆ ಬರವಾ ಅಳಿಯಂದಿರೇ? ಗೇಟು ನನ್ನದು, ಗೋಡೆ ನಿಮ್ಮದು."

ವಾರವೆಲ್ಲ ಮಾವ ಅಲ್ಲೇ ಕುರ್ಚಿ ಹಾಕಿಕೊಂಡು ಕೂತರು. ಲಾರಿಯವನು ಒಮ್ಮೆ ಪಕ್ಕದಿಂದ ನುಗ್ಗಿದ. "ಏಯ್, ಕಣ್ಣು ನಂಗೆ ಹೋಗಿದ್ಯೋ ನಿಂಗೋ?" ಎಂದು ಮಾವ ಗದರಿ, ಹಿಂದಕ್ಕೆ ಕಳಿಸಿ, ಗೇಟಿನಿಂದಲೇ ಕರೆಸಿಕೊಂಡರು.

ಇಂಜಿನಿಯರಮ್ಮ ಬಂದರು. ಮುಚ್ಚಿದ ಗೇಟಿನ ಮುಂದೆ ಲಾರಿ ನಿಂತಿತು. ಅದರ ಹಿಂದೆ ರಸ್ತೆಯಲ್ಲಿ ಬಸ್ಸು ನಿಲ್ಲದೆ ಸಾಗಿತು. ಲಾರಿ ತಿರುಗುವ ಜಾಗ ನೋಡಲು ಅವರು ಗೇಟಿನ ಪಕ್ಕದಿಂದ ಸುತ್ತಿ ಹೊರಟವರು, ಚಿಲಕ ಹಿಡಿದು ನಿಂತಿದ್ದ ಮಾವನನ್ನು ಕಂಡು ಹಿಂದೆ ಬಂದು ಗೇಟಿನ ಮುಂದೆ ನಿಂತರು. ಮಾವ ಬಾಗಿಲು ತೆರೆದರು. ಒಳಗೆ ನೋಡಿ, ಒಪ್ಪಿಗೆಗೆ ಸಹಿ ಹಾಕಿ, ಹೋಗುವಾಗ ಆಯಮ್ಮ ಗೇಟಿನ ಬಲಗಡೆ ಮುಟ್ಟಿ ನೋಡಿದರು.

"ಬಾತುಕೋಳಿ ಚೆನ್ನಾಗಿ ಬಂದಿದೆ."

ಮಾವ ನಿಧಾನವಾಗಿ ನನ್ನ ಕಡೆ ತಿರುಗಿದರು. ನಾನು ಲಾರಿಯವನಿಗೆ ಬೈಯಲು ಹೋದೆ.