ಮಂದ ಅಂಟು

ಕಾದ ಅಂಟಿನ ಘಮ, ಸ್ಪಿರಿಟ್ಟಿನ ತಣ್ಣನೆ ವಾಸನೆ, ಉದ್ದನೆಯ ಮೇಜಿನ ಮೇಲೆ ಸಾಲು ದೀಪಗಳು. ಕಾರ್ಖಾನೆಯ ಆ ಕೋಣೆ ಈಗಿಲ್ಲ, ಆ ಕೆಲಸವನ್ನು ಯಂತ್ರ ಮಾಡುತ್ತದಂತೆ. ಅಲ್ಲಿ ನನ್ನ ಅತ್ತೆಯದು ಇಪ್ಪತ್ತೆರಡು ವರ್ಷದ ಕುರ್ಚಿ. ಅವರಿಗೆ ನಿಧಾನಮ್ಮ ಎಂದು ಹೆಸರಿಟ್ಟವರು ಮೇಸ್ತ್ರಿ. ನನ್ನ ಮಗಳಿಗೆ ವರ್ಷ ತುಂಬಿದ ಮೇಲೆ ನಾನೂ ಅತ್ತೆಯ ಪಕ್ಕ ಕೆಲಸಕ್ಕೆ ಸೇರಿದೆ.

"ಗಾಜಿನ ಮೇಲೆ ಆಕಳಿಸಬೇಡ್ವೇ, ಮಂಜು ಕೂರುತ್ತೆ" ಎಂದು ಅತ್ತೆ ದಿನಕ್ಕೆ ನಾಲ್ಕು ಸಲ ಗದರುತ್ತಿದ್ದರು.

ಜಮೀನು ಅಳೆಯುವ ದುರ್ಬೀನಿಗೆ ಕೂರಿಸುವ ಗಾಜು ಅದು. ನಾಣ್ಯದಗಲದ ಎರಡು ಚಪ್ಪಟೆ ಬಿಲ್ಲೆ. ಒಂದರ ಮೇಲೆ ಕೂದಲೆಳೆಯಂಥ ಗೆರೆ, ಇನ್ನೊಂದು ಅದಕ್ಕೆ ಮುಚ್ಚಳ. ನಡುವೆ ಬಿಸಿತಟ್ಟೆಯಲ್ಲಿ ಕರಗಿಸಿದ ಮರದ ಅಂಟಿನ ಒಂದು ಹನಿ. ಮೇಲಿನದನ್ನು ಬೆರಳತುದಿಯಲ್ಲಿ ಜಾರಿಸುತ್ತ ಹೋದರೆ ಗಾಳಿಗುಳ್ಳೆಗಳು ಅಂಚಿಗೆ ಬಂದು ಒಡೆಯುತ್ತವೆ. ಒಂದೇ ಒಂದು ಗುಳ್ಳೆ ಉಳಿದರೂ ಮಾಲು ಕಸದಬುಟ್ಟಿಗೆ.

"ಒತ್ತಬೇಡ, ಜಾರಿಸು" ಎನ್ನುತ್ತಿದ್ದರು ಅತ್ತೆ. "ಕೆಳಗಿನ ಗಾಜಿಗೆ ಅಂಟಿದ್ದು ಕೂತೇ ಇರುತ್ತೆ. ಮೇಲಿನದಕ್ಕೆ ಅಂಟಿದ್ದು ಅದರ ಜೊತೆ ಓಡುತ್ತೆ. ನಡುವಿನದು ಪಾಪ, ಸಂಸಾರಸ್ಥರ ಹಾಗೆ. ಒಬ್ರು ಎಳೆದಷ್ಟು ಹೋಗ್ಬೇಕು, ಇನ್ನೊಬ್ರು ಹಿಡಿದಷ್ಟು ನಿಲ್ಬೇಕು."

ಆ ವರ್ಷ ಅವರ ಬಲಗೈ ನಡುಗತೊಡಗಿತು. ಮನೆಯಲ್ಲಿ ಲೋಟ ಹಿಡಿದರೆ ನೀರು ತುಳುಕುತ್ತಿತ್ತು. ಕೈ ನಡುಗುವವರನ್ನು ಅಂಟಿನ ಮೇಜಿನಿಂದ ಎಬ್ಬಿಸಿ ಡಬ್ಬ ಕಟ್ಟಲು ಕಳಿಸುತ್ತಿದ್ದರು. ಅತ್ತೆಗೆ ಅದಕ್ಕಿಂತ ಮಣ್ಣು ಹೊರುವುದೇ ವಾಸಿ. ಆದರೂ ಅವರ ಗಾಜಿನಲ್ಲಿ ಗುಳ್ಳೆ ಇರುತ್ತಿರಲಿಲ್ಲ. ಹೇಗೆಂದು ನಾನು ಕೇಳಲಿಲ್ಲ.

ಒಂದು ಬೆಳಿಗ್ಗೆ, ಮೇಸ್ತ್ರಿ ಎಲ್ಲರ ಕೈಕೆಲಸ ನೋಡಲು ಬರುತ್ತಾರೆಂದು ಸುದ್ದಿ ಬಂತು. ಅತ್ತೆ ಗಾಜು ತೊಳೆಯಲು ಎದ್ದಾಗ ಅವರ ಬಿಸಿತಟ್ಟೆ ಮುಟ್ಟಿದೆ. ನನ್ನದಕ್ಕಿಂತ ಎಷ್ಟೋ ತಣ್ಣಗಿತ್ತು. ಅಂಟು ಹಳೆಯ ಜೇನಿನಂತೆ ಮಂದ. ಪಾಪ, ಈ ಕೈಯಲ್ಲಿ ಇಷ್ಟು ಗಟ್ಟಿ ಅಂಟನ್ನು ಹೇಗೆ ಎಳೆದಾರು ಎಂದುಕೊಂಡು ಕಾವು ಏರಿಸಿದೆ. ದೊಡ್ಡ ಉಪಕಾರ ಮಾಡಿದೆನೆಂದು ಒಳಗೊಳಗೇ ಬೀಗಿದೆ ಕೂಡ.

ಮೇಸ್ತ್ರಿ ಬಂದು ಅತ್ತೆಯ ಹಿಂದೆ ನಿಂತರು. ಅತ್ತೆ ಹನಿ ಬಿಟ್ಟು ಬೆರಳಿಟ್ಟರು. ಅಂಟು ನೀರು ನೀರು. ಬೆರಳಿನ ನಡುಕವೆಲ್ಲ ಗಾಜಿಗಿಳಿದು, ಅದು ಚಡಪಡಿಸಿ, ಜಾರಿ, ಮೇಜಿನ ಮೇಲೆ ಉರುಳಿತು.

"ಏನಮ್ಮಾ, ಕೈ ನಡುಗುತ್ತಲ್ಲ?"

ಅತ್ತೆ ನನ್ನ ಕಡೆ ತಿರುಗಿದರು. ನನ್ನ ಮುಖವೇ ಎಲ್ಲ ಹೇಳಿರಬೇಕು. ತಟ್ಟೆಯ ಸ್ವಿಚ್ ಆರಿಸಿ ಕೈಕಟ್ಟಿ ಕೂತರು.

"ಯಾಕೆ ಕೂತ್ರಿ?"

"ಅಂಟು ತಣ್ಣಗಾಗಲಿ."

"ನಂಗಿನ್ನೂ ಹನ್ನೆರಡು ಮೇಜು ನೋಡೋದಿದೆ."

"ನೋಡ್ಕೊಂಡು ಬನ್ನಿ. ನಿಧಾನಮ್ಮ ಅಂತ ಹೆಸರಿಟ್ಟಿದ್ದು ನೀವೇ ಅಲ್ವಾ?"

ಪಕ್ಕದ ಮೇಜಿನವಳು ಕಿಸಕ್ಕೆಂದಳು. ಮೇಸ್ತ್ರಿ ಕದಲಲಿಲ್ಲ. ಹತ್ತು ನಿಮಿಷದ ಮೇಲೆ ಅತ್ತೆ ಹೊಸ ಜೋಡಿ ತೆಗೆದುಕೊಂಡರು. ಬೆರಳು ನಡುಗುತ್ತಲೇ ಇತ್ತು. ಗಾಜು ಮಾತ್ರ ತುಂಬು ಬಸುರಿಯಂತೆ ಸಾಗಿತು. ಮೇಸ್ತ್ರಿ ಅದನ್ನು ದೀಪಕ್ಕೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಕೈ ನಡುಗಿದ್ರೆ ನಿಮಗೇನು ಮೇಸ್ತ್ರಿ? ಗಾಜು ನಡುಗಿತಾ?"

ಮೇಸ್ತ್ರಿ ಗಾಜನ್ನು ಒಳ್ಳೆಯ ಮಾಲಿನ ಟ್ರೇಯಲ್ಲಿಟ್ಟು ಮುಂದಿನ ಮೇಜಿಗೆ ಹೋದರು.

ನನಗೆ ಅಳುವೇ ಬಂದಿತ್ತು. "ಮೊದಲೇ ಹೇಳಿದ್ರೆ ಆಗ್ತಿರ್ಲಿಲ್ವಾ ಅತ್ತೆ?"

"ಹೇಳಿದ್ರೆ ನೀನು ಅಯ್ಯೋ ಪಾಪ ಅಂತಿದ್ದೆ. ನಡುಕ ತಡ್ಕೋಬಹುದು ಕಣೇ, ಅದನ್ನ ತಡ್ಕೊಳ್ಳಕ್ಕಾಗಲ್ಲ. ಕೊಡು ಇಲ್ಲಿ ಬೆರಳು."

ನನ್ನ ಬೆರಳನ್ನು ತಮ್ಮದರ ಮೇಲೆ ಇರಿಸಿಕೊಂಡು ಇನ್ನೊಂದು ಗಾಜು ಜಾರಿಸಿದರು. ಅವರ ಮೂಳೆ ಅದುರುವುದು ನನಗೆ ತಿಳಿಯುತ್ತಿತ್ತು. ಕೆಳಗೆ ಅಂಟು ಅದನ್ನೆಲ್ಲ ನುಂಗಿಕೊಂಡು ಸುಮ್ಮನಿತ್ತು.

ಮತ್ತೆರಡು ವರ್ಷ ಅವರು ಆ ಕುರ್ಚಿಯಲ್ಲಿ ಕೂತರು. ಅವರದೊಂದೇ ತಟ್ಟೆ ತಣ್ಣಗಿದ್ದರೆ ಯಾರಾದರೂ ಕೇಳಿಯಾರೆಂದು ನನ್ನದರ ಕಾವನ್ನೂ ಇಳಿಸಿದೆ. ಮಂದ ಅಂಟು ಎಳೆದೆಳೆದು ಸಂಜೆಗೆ ಭುಜ ಕಳಚಿ ಬೀಳುವಂತಾಗುತ್ತಿತ್ತು. ಅತ್ತೆ ಅದನ್ನು ನೋಡಿದರು. ಮನೆಗೆ ಬಂದ ಕೂಡಲೇ ಮಗಳನ್ನು ನನಗಿಂತ ಮೊದಲು ಅವರೇ ಎತ್ತಿಕೊಳ್ಳುತ್ತಿದ್ದರು.