ಕಿರುಬೆರಳಿನ ಅಳತೆ

ನನಗೆ ಎರಡು ಬಾಯಿಗಳಿವೆ, ದನಿ ಇಲ್ಲ. ನಾನು ಒಂದು ಕಬ್ಬಿಣದ ಬೆಂಡ್. ಗೋಡೆಯ ಮೇಲೆ ಹಾಯುವ ವೈರಿನ ಪೈಪು ಮೂಲೆಗೆ ಬಂದು ತಿರುಗುವಾಗ ನಡುವೆ ಕೂರಿಸುತ್ತಾರಲ್ಲ, ಆ ಬಾಗಿದ ಕೊಳವೆ.

ಹುಟ್ಟುವಾಗ ನೆಟ್ಟಗಿದ್ದೆ. ಕಾರ್ಖಾನೆಯಲ್ಲಿ ನನ್ನನ್ನು ಒತ್ತಿ ಬಗ್ಗಿಸಿದರು, ಎರಡೂ ತುದಿಗೆ ತಿರುಪಿನ ಗೆರೆ ಕೊರೆದರು, ಕರಿ ಬಣ್ಣ ಬಳಿದರು. ಅಲ್ಲಿಂದ ಹಾವೇರಿಯ ಒಂದು ಅಂಗಡಿಗೆ ಬಂದೆ. ಕಪಾಟಿನಲ್ಲಿ ನನ್ನ ಎಡಕ್ಕೆ ನನಗಿಂತ ಸಣ್ಣವರು, ಬಲಕ್ಕೆ ದೊಡ್ಡವರು. ಗಿರಾಕಿಗಳು ಸಣ್ಣವರನ್ನು ಒಯ್ದಾಗ ನಾನು ಹೆಚ್ಚಾದೆನೇನೋ ಎನಿಸುತ್ತಿತ್ತು. ದೊಡ್ಡವರನ್ನು ಒಯ್ದಾಗ ಸಾಲದಾದೆನೇನೋ ಎನಿಸುತ್ತಿತ್ತು. ಆ ಅನುಮಾನ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಒಂದು ದಿನ ವೈರಿಂಗ್ ಕೆಲಸದ ಕೊಟ್ರಪ್ಪ ಹೆಂಡತಿ ನೀಲವ್ವನ ಜೊತೆ ಅಂಗಡಿಗೆ ಬಂದ. ಬ್ಯಾಡಗಿಯ ಒಂದು ಖಾರದ ಗಿರಣಿಗೆ ದೊಡ್ಡ ಮೋಟಾರು ಬರುವುದಿತ್ತು. ಅದಕ್ಕೆ ಪೆನ್ಸಿಲಿಗಿಂತ ದಪ್ಪನೆಯ ನಾಲ್ಕು ವೈರು ಎಳೆಯಬೇಕಿತ್ತು. ಅವೇ ವೈರಿನ ನಾಲ್ಕು ತುಂಡುಗಳನ್ನು ಕೊಟ್ರಪ್ಪ ಚೀಲದಿಂದ ತೆಗೆದು ನನ್ನ ಬಾಯಿಗೆ ತೂರಿಸಿದ. ಅವು ಒಳಗಿದ್ದಾಗಲೂ ಪಕ್ಕದಲ್ಲಿ ಅವನ ಕಿರುಬೆರಳು ಹೊಕ್ಕು ಆಡಬೇಕು. ಆಡಿದರೆ ಬೆಂಡ್ ಸರಿ. ಬಿಗಿಯಾದರೆ ವೈರು ಎಳೆಯುವಾಗ ಸಿಕ್ಕಿಕೊಳ್ಳುತ್ತದೆ, ಮೇಲಿನ ಹೊದಿಕೆ ಸುಲಿಯುತ್ತದೆ. ಇದು ಅವನ ಅಳತೆ.

ಆದರೆ ಆ ವಾರ ಸುತ್ತಿಗೆಯ ಏಟು ಬಿದ್ದು ಅವನ ಕಿರುಬೆರಳು ಬಾತಿತ್ತು, ಬಟ್ಟೆ ಸುತ್ತಿದ್ದ.

"ನಿನ್ನ ಬೆರಳು ಹಾಕು," ಎಂದ ಹೆಂಡತಿಗೆ.

"ನಂದು ಸಣ್ಣದೈತ್ರಿ. ಇದಕ್ಕಿಂತ ದೊಡ್ಡದು ತಗೊಳ್ಳೂಣು."

"ರೊಟ್ಟಿ ಬಡದು ಬಡದು ನಿನ್ನ ಬೆರಳೇನು ಕಮ್ಮಿ ಆಗಿಲ್ಲ. ಹಾಕು."

ಅಂಗಡಿಯ ಶೇಟು ನಕ್ಕ. "ಕೊಟ್ರಪ್ಪ, ಬೆಂಡ್ ತಗೊಳ್ಳಾಕ ಬಂದೀಯೋ, ಉಂಗುರ ತಗೊಳ್ಳಾಕ ಬಂದೀಯೋ?"

"ಉಂಗುರ ಆಗಿದ್ರ ಇಷ್ಟೊತ್ತು ನೋಡ್ತಿದ್ದಿಲ್ರಿ ಇವರು," ಎಂದಳು ನೀಲವ್ವ. ಬೆರಳು ಹಾಕಿದಳು. ಅದು ಹೊಕ್ಕಿತು, ಆಡಿತು. ಅದೇ ಅಳತೆಯ ಪೈಪುಗಳ ಜೊತೆ ನಾನೂ ಹೊರಟೆ.

ಗಿರಣಿಯಲ್ಲಿ ಅವರಿಬ್ಬರ ನಡುವೆ ಒಂದು ಗೋಡೆ. ಆಚೆ ಬೋರ್ಡಿನ ಕೋಣೆಯಲ್ಲಿ ನಿಂತು ನೀಲವ್ವ ವೈರು ತಳ್ಳಬೇಕು, ಈಚೆ ಮೋಟಾರಿನ ಬಳಿ ಕೂತು ಕೊಟ್ರಪ್ಪ, ಪೈಪಿನೊಳಗೆ ಮೊದಲೇ ಹಾಯಿಸಿ ವೈರಿನ ತುದಿಗೆ ಕಟ್ಟಿದ ಉಕ್ಕಿನ ಎಳೆಯಿಂದ ಅದನ್ನು ಎಳೆದುಕೊಳ್ಳಬೇಕು. ಮಾತೆಲ್ಲ ಪೈಪಿನೊಳಗೇ. "ಬಂತೇನ್ರಿ?" ಎಂದು ಅವಳು. "ಬಂತು, ಬಿಡು," ಎಂದು ಅವನು. ಜಾರಲೆಂದು ಅವಳು ವೈರಿಗೆ ಪೌಡರ್ ಬಳಿಯುತ್ತಿದ್ದಳು. "ಮದುವಿಯೊಳಗ ನೀನೂ ಇಷ್ಟು ಹಚ್ಚಿಕೊಂಡಿದ್ದಿಲ್ಲ," ಎಂದ ಅವನು. ನಡುವೆ ಖಾರದ ಘಾಟಿಗೆ ಇಬ್ಬರೂ ಕೆಮ್ಮಿದರು. ಎಲ್ಲವೂ ನನ್ನ ಹೊಟ್ಟೆಯೊಳಗೆ ತಿರುಗಿಯೇ ಹೋಗುತ್ತಿತ್ತು. ನನ್ನ ಬಾಳಿನ ಒಳ್ಳೆಯ ದಿನ ಯಾವುದೆಂದರೆ ಆ ದಿನವೇ, ಅದರ ಮುಂಜಾನೆ ಮಾತ್ರ.

ವೈರುಗಳ ತುದಿ ನನ್ನನ್ನು ದಾಟಿ ಅವನತ್ತ ಇಳಿದಿತ್ತು. ಎಲ್ಲೂ ತಡೆಯಲಿಲ್ಲ, ಉಜ್ಜಲಿಲ್ಲ. ಇದ್ದಕ್ಕಿದ್ದಂತೆ ಅವನ ಎಳೆತ ನಿಂತಿತು.

"ಬಂತೇನ್ರಿ?"

ಅವಳು ಪೈಪಿಗೆ ಬಾಯಿ ಇನ್ನೂ ಹತ್ತಿರ ತಂದಳು.

"ಬೆಂಡಿನ್ಯಾಗ ಸಿಕ್ಕೊಂತೇನ್ರಿ?"

ಅವಳು ಜೋರಾಗಿ ತಳ್ಳಿದಳು. ವೈರು ಸರಾಗವಾಗಿ ಜಾರಿತು. ಈಚೆ ಹಿಡಿಯುವವರಿಲ್ಲದೆ ಸುರುಳಿಯಾಗಿ ನೆಲಕ್ಕೆ ಬಿತ್ತು. ನೀಲವ್ವ ಗೋಡೆ ಸುತ್ತಿ ಬಂದಾಗ ಕೊಟ್ರಪ್ಪ ಗೋಡೆಗೆ ಒರಗಿ ಕೂತಿದ್ದ. ಕೈಗೆ ಸುತ್ತಿಕೊಂಡ ಉಕ್ಕಿನ ಎಳೆ ಹಾಗೇ ಇತ್ತು.

ಎದೆ ನಿಂತುಹೋಗಿದೆ ಎಂದರು ಡಾಕ್ಟರು. ನೀಲವ್ವ ಕೇಳಿಸಿಕೊಂಡದ್ದು ಬೇರೆ. ಬೆಂಡ್ ಬಿಗಿಯಾಯಿತು, ವೈರು ಸಿಕ್ಕಿಕೊಂಡಿತು, ಅವನು ಶಕ್ತಿಮೀರಿ ಎಳೆದ.

ಉಳಿದ ಕೆಲಸ ಮುಗಿಸಲು ಅವನ ಗೆಳೆಯ ಮೌಲಾಸಾಬ ಬಂದ. ವೈರನ್ನು ಹಿಂದೆಮುಂದೆ ಆಡಿಸಿ ತೋರಿಸಿದ.

"ಇಲ್ಲಿ ನೋಡ್ರಿ ಅಕ್ಕಾ, ಹೆಂಗ ಆಡಾಕತ್ತಾವು. ಬೆಂಡ್ ಸರಿಯಾಗೇ ಐತಿ."

"ನನ್ನ ಬೆರಳಿಗೆ ಸರಿ ಐತಿ, ಮೌಲಾ. ಅವರ ಬೆರಳು ಹಾಕಿ ನೋಡಿದ್ದಿಲ್ಲ."

ಅವಳು ಹಟಮಾಡಿ ಪೈಪಿನ ಸಾಲನ್ನೇ ಬಿಚ್ಚಿಸಿ ದೊಡ್ಡದು ಹಾಕಿಸಿದಳು. ನನ್ನನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ತಂದಳು.

ಆಮೇಲೆ ಅವಳು ವೈರು ಮುಟ್ಟಲಿಲ್ಲ, ರೊಟ್ಟಿ ಬಡಿದು ಮಾರಿ ಬದುಕಿದಳು. ನಾನು ಒಲೆಯ ಪಕ್ಕದ ಕಿಟಕಿಯಲ್ಲಿ ಕೂತೆ. ನನ್ನ ಬಣ್ಣ ಹೋಯಿತು, ತುಕ್ಕು ಹಿಡಿಯಿತು. ಕೊಟ್ರಪ್ಪನ ಚೀಲದಲ್ಲಿ ಉಳಿದಿದ್ದ ಆ ನಾಲ್ಕು ವೈರಿನ ತುಂಡುಗಳನ್ನು ಅವಳು ಮತ್ತೆ ನನ್ನೊಳಗೆ ತೂರಿಸಿಟ್ಟಳು, ಅವು ಈಗಲೂ ಇವೆ.

ನನ್ನಲ್ಲಿ ಏನೂ ಸಿಕ್ಕಿಕೊಳ್ಳಲಿಲ್ಲ. ಅದು ನನಗೆ ಗೊತ್ತು. ಗೊತ್ತು ಎಂದುಕೊಂಡಿದ್ದೇನೆ, ಕೆಲವು ದಿನ ಅವಳ ಮುಖ ನೋಡಿದರೆ ನನಗೂ ಅನುಮಾನ ಬರುತ್ತದೆ. ಗೊತ್ತಿದ್ದರೂ ಹೇಳುವುದು ಹೇಗೆ? ಈ ಬಾಯಿಗೆ ಬಂದದ್ದನ್ನು ಆ ಬಾಯಿಗೆ ಒಪ್ಪಿಸಬಲ್ಲೆ, ಅಷ್ಟೇ.

ಈಗ ನೀಲವ್ವನ ಬೆರಳಿನ ಗೆಣ್ಣುಗಳು ಊದಿವೆ. ಧೂಳು ಒರೆಸುವಾಗ ಅವಳು ಮರೆಯದೆ ಕಿರುಬೆರಳನ್ನು ವೈರುಗಳ ಪಕ್ಕ ತೂರಿಸಲು ನೋಡುತ್ತಾಳೆ. ಹೋಗುವುದಿಲ್ಲ.

"ನೋಡ್ರಿ," ಎನ್ನುತ್ತಾಳೆ ನನ್ನ ಬಾಯಿಯ ಹತ್ತಿರ ಬಗ್ಗಿ, ಮೆಲ್ಲಗೆ. "ಎಷ್ಟು ಬಿಗಿ ಐತಿ."

ಆ ಮಾತು ನನ್ನೊಳಗೆ ತಿರುಗಿ ಕಿಟಕಿಯ ಆಚೆ ಹೋಗುತ್ತದೆ, ಎಲ್ಲೂ ತಡೆಯದೆ.