ತಮ್ಮಣ್ಣ ವಕೀಲರ ಎಡಗೈ

ಮೂರನೆಯ ಸಲವೂ ಇಷ್ಟಲಿಂಗ ಎಡ ಅಂಗೈಯಿಂದ ಜಾರಿ ಹೆಣದ ಮಡಿಲಿಗೆ ಬಿತ್ತು. ಕುಣಿಯೊಳಗೆ ಇಳಿದಿದ್ದ ಜಂಗಮ ಅಯ್ಯನವರು ಬೆವರು ಒರೆಸಿಕೊಂಡು ಮೇಲೆ ನೋಡಿದರು.

"ಹಿಡಿಯಾಕ ಬೆರಳ ಇಲ್ಲಲ್ರಿ. ದಾರ ಸುತ್ತಿದ್ರೂ ಜಾರತೈತಿ. ಮಡಲಾಗ ಇಟ್ಟು ಮುಗಸೂಣೇನ್ರಿ, ತಾಯಿ?"

"ಬ್ಯಾಡ್ರಿ," ಎಂದಳು ಗಂಗಾದೇವಿ. "ಅಂಗೈಯಾಗ ಕುಂದರಬೇಕು. ಅಲ್ಲೀತನಕ ಒಂದ ಹಿಡಿ ಮಣ್ಣ ಹಾಕಾಕ ಬಿಡಂಗಿಲ್ಲ."

ಖಾನಾಪುರದಲ್ಲಿ, ಮಲಪ್ರಭೆಯ ದಂಡೆಯ ರುದ್ರಭೂಮಿಯಲ್ಲಿ, ಮೂರು ಮೆಟ್ಟಿಲು ಕೊರೆದ ಕುಣಿಯೊಳಗೆ ಆಕೆಯ ಗಂಡ ತಮ್ಮಣ್ಣ ವಕೀಲರು ಕುಳಿತಿದ್ದರು. ಬೆಳಗಾವಿ ಕೋರ್ಟಿನಲ್ಲಿ ಇಪ್ಪತ್ತಾರು ವರ್ಷ ಸರ್ಕಾರದ ಪರವಾಗಿ ಕೊಲೆಗಾರರ ವಿರುದ್ಧ ನಿಂತು ವಾದಿಸಿದವರನ್ನು ಕೂರಿಸಲು ಕೊನೆಗೆ ಸಾವೇ ಬರಬೇಕಾಯಿತು. ಹಣೆಗೆ ವಿಭೂತಿ, ಕೊರಳಿಗೆ ಹೂಮಾಲೆ. ಎಡಗೈಗೆ ಮಾತ್ರ ಹೆಬ್ಬೆರಳೊಂದೇ. ಉಳಿದ ನಾಲ್ಕು ಬೆರಳುಗಳ ಜೊತೆ ಅರ್ಧ ಅಂಗೈಯೂ ಹೋಗಿತ್ತು.

ಹತ್ತೊಂಬತ್ತು ವರ್ಷ, ಲಿಂಗಪೂಜೆಯ ಹೊತ್ತಿಗೆ ಆ ತುಂಡು ಅಂಗೈಯ ಕೆಳಗೆ ತನ್ನ ಅಂಗೈ ಹಿಡಿದವಳು ಗಂಗಾದೇವಿ. "ಕುಣ್ಯಾಗ ನೀ ಇರಂಗಿಲ್ಲಲಾ, ಅವತ್ತ ಬೀಳತೈತಿ ನೋಡು," ಎಂದು ಅವರು ಛೇಡಿಸುತ್ತಿದ್ದರು. ಆಕೆಗೆ ನಗು ಬರುತ್ತಿರಲಿಲ್ಲ. ಈಗ ಆ ಮಾತೇ ಖರೆಯಾಗುವಂತಿತ್ತು.

"ಅಕ್ಕಾರ," ಕೋರ್ಟಿನ ಹಳೆಯ ಪೊಲೀಸ್ ಪೇದೆ ಬಾಳಪ್ಪ ಹತ್ತಿರ ಬಂದು ದನಿ ತಗ್ಗಿಸಿದ. "ಬೇಲಿ ಬಾಜೂಕ ಮದರಬೀ ನಿಂತಾಳ್ರಿ. ವಡಗಾವಿಯಾಕಿ."

ಗಂಗಾದೇವಿಯ ಮೈಯೆಲ್ಲ ಉರಿಯಿತು. "ಯಾರ ಕರದ್ರು ಅಕೀನ್ನ? ಉಳದ ಕೈನೂ ತಿನ್ನಾಕ ಬಂದಾಳೇನು?"

*

ವಡಗಾವಿಯ ಮಗ್ಗದ ಶೆಡ್ಡಿನಲ್ಲಿ ಮದರಬೀಯ ಗಂಡ ಸನಾಉಲ್ಲಾನನ್ನು ಮಾಲೀಕನ ಇಬ್ಬರು ತಮ್ಮಂದಿರು ಕೊಯ್ತಾ ಮಚ್ಚಿನಿಂದ ಕಡಿದಿದ್ದರು. ಯಂತ್ರಕ್ಕೆ ಸಿಕ್ಕಿ ಕೆಲಸಗಾರನೊಬ್ಬ ಸತ್ತದ್ದನ್ನು ಮುಚ್ಚಿಡದೆ ಪೊಲೀಸರಿಗೆ ಹೇಳಿದ್ದೇ ಅವನ ತಪ್ಪು. ಮೊದಲ ಏಟಿಗೆ ಭುಜ ಸೀಳಿತು. ಮಗ್ಗದ ಮೇಲೆ ಕವುಚಿ ಬಿದ್ದವನ ಕುತ್ತಿಗೆಗೆ ಇನ್ನೂ ಹನ್ನೊಂದು ಏಟು ಹಾಕಿದರು. ಅರ್ಧ ನೇಯ್ದ ಹಸಿರು ಸೀರೆ ನೆತ್ತರು ಕುಡಿದು ಕಪ್ಪಾಯಿತು. ಉಳಿದ ಕೆಲಸದವರು ಊಟಕ್ಕೆ ಹೋಗಿದ್ದರು. ಗಂಡನಿಗೆ ಬುತ್ತಿ ತಂದ ಮದರಬೀ ಮಾತ್ರ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು.

ಸಾಕ್ಷಿ ಹೇಳಬೇಕಾದ ದಿನ ಅವಳು ಮನೆಯ ಬಾಗಿಲು ತೆರೆಯಲಿಲ್ಲ. ಸಮನ್ಸ್ ಒಯ್ದ ಬಾಳಪ್ಪ ಒಬ್ಬನೇ ತಿರುಗಿ ಬಂದ. ಸರ್ಕಾರಿ ವಕೀಲರು ಸಾಕ್ಷಿಯನ್ನು ಕರೆತರಲು ಹೋಗುವ ರೂಢಿ ಎಲ್ಲೂ ಇಲ್ಲ, ಆದರೆ ತಮ್ಮಣ್ಣ ಹಟಮಾರಿ. ಬಾಳಪ್ಪನನ್ನು ಸೈಕಲ್ಲಿನಲ್ಲಿ ಹಿಂದೆ ಬರಹೇಳಿ ತಾವೇ ಸ್ಕೂಟರ್ ಹತ್ತಿ ಹೋದರು. "ನಾ ಅದೀನವಾ, ಹತ್ತು," ಎಂದು ಅವಳನ್ನು ಕೂರಿಸಿಕೊಂಡರು.

ರೈಲ್ವೆ ಗೇಟು ಹಾಕಿತ್ತು. ಪಕ್ಕಕ್ಕೆ ಬಂದು ನಿಂತ ಬೈಕಿನ ಮೇಲೆ ಮುಖಕ್ಕೆ ಬಟ್ಟೆ ಸುತ್ತಿದ ಇಬ್ಬರು. ಕೊಯ್ತಾ ಎದ್ದದ್ದು ಮದರಬೀಯ ಕುತ್ತಿಗೆಗೆ. ತಮ್ಮಣ್ಣ ತಿರುಗಿ ಎಡಗೈ ಒಡ್ಡಿದರು. ಸೌತೆಕಾಯಿ ಕತ್ತರಿಸಿದಷ್ಟೇ ಸಪ್ಪಳ. ಬೆರಳುಗಳು ರಸ್ತೆಗೆ ಬಿದ್ದವು, ನೆತ್ತರು ಮದರಬೀಯ ಮುಖಕ್ಕೆ ಚಿಮ್ಮಿತು. ಹಿಂದಿನಿಂದ ಬಂದ ಬಾಳಪ್ಪ ಬೆರಳುಗಳನ್ನು ಆರಿಸಿ ಸಮನ್ಸ್ ಕಾಗದದಲ್ಲಿ ಸುತ್ತಿಕೊಂಡು ದವಾಖಾನೆಗೆ ಓಡಿದ. ಕೂಡಿಸಲು ಆಗುವುದಿಲ್ಲ ಎಂದರು ಡಾಕ್ಟರು. ಬೈಕಿನವರು ಕೊನೆಗೂ ಸಿಗಲಿಲ್ಲ.

ತಿಂಗಳ ಮೇಲೆ ಕಟಕಟೆ ಹತ್ತಿದ ಮದರಬೀ, "ನಾ ಏನೂ ನೋಡಿಲ್ರಿ ಸಾಹೇಬ್ರ," ಎಂದುಬಿಟ್ಟಳು. ಅವಳಿಗೆ ಆರು ವರ್ಷದ ಮಗಳಿದ್ದಳು. ತಮ್ಮಣ್ಣ ಬ್ಯಾಂಡೇಜಿನ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಸಾಕ್ಷಿ ತಿರುಗಿಬಿದ್ದಿದ್ದಾಳೆಂದು ನ್ಯಾಯಾಧೀಶರಿಗೆ ತಿಳಿಸಿ, ಕೇಳಲೇಬೇಕಾದ ಪ್ರಶ್ನೆಗಳನ್ನಷ್ಟೇ ಕೇಳಿ ಮುಗಿಸಿದರು. ಅಣ್ಣತಮ್ಮಂದಿರು ಬಿಡುಗಡೆಯಾಗಿ ಕೋರ್ಟಿನ ಮುಂದೆಯೇ ಪಟಾಕಿ ಹಾರಿಸಿದರು.

*

"ಅವತ್ತ ಸಾಹೇಬ್ರು ಕೈ ಯಾಕ ಹಿಂದ ಇಟ್ಕೊಂಡಿದ್ರು, ಗೊತ್ತೈತೇನ್ರಿ ಅಕ್ಕಾರ?" ಎಂದ ಬಾಳಪ್ಪ. "ನಾ ಕೇಳಿದ್ದೆ. 'ಈ ಕೈ ನೋಡಿದ್ರ ಅಕಿ ಖರೇ ಹೇಳಿಬಿಡತಾಳಪಾ. ಆಮ್ಯಾಲ ಅಕಿ ಕೂಸಿನ್ನ ಕಡೀತಾರ,' ಅಂದ್ರು. ಯಾರ ಮುಂದೂ ಹೇಳಬ್ಯಾಡ ಅಂತ ಆಣಿ ಹಾಕಿದ್ರು."

ಗಂಗಾದೇವಿ ಬೇಲಿಯ ಕಡೆ ತಿರುಗಿ ನೋಡಿದಳು. ಹತ್ತೊಂಬತ್ತು ವರ್ಷ, ದಿನಾ ಬೆಳಿಗ್ಗೆ ಅಂಗೈ ಹಿಡಿದು ಮನಸ್ಸಿನಲ್ಲೇ ಮದರಬೀಗೆ ಹಿಡಿಶಾಪ ಹಾಕಿದ್ದಳು. ಇದನ್ನು ಗಂಡ ತನಗೂ ಹೇಳಲಿಲ್ಲವಲ್ಲ ಎಂದು ಸಿಟ್ಟೂ ಬಂತು, ಅಳುವೂ ಬಂತು.

ಅಷ್ಟರಲ್ಲಿ ಮದರಬೀಯೇ ಕುಣಿಯ ಅಂಚಿಗೆ ಬಂದಿದ್ದಳು. "ಅಮ್ಮಾರ, ದಾರ ನಾ ಕಟ್ಟಲೇನ್ರಿ? ಮಗ್ಗದಾಗ ನಾವು ಹಾಕೂ ಗಂಟು ಜಾರಂಗಿಲ್ರಿ."

"ಕುಣ್ಯಾಗ ಬ್ಯಾರೆ ಮಂದಿ..." ಅಯ್ಯನವರು ರಾಗ ಎಳೆದರು.

"ಇಳೀಲಿ ಬಿಡ್ರಿ," ಎಂದಳು ಗಂಗಾದೇವಿ.

ಮದರಬೀ ಮೂರು ಮೆಟ್ಟಿಲು ಇಳಿದಳು. ಅಯ್ಯನವರು ಲಿಂಗವನ್ನು ಅಂಗೈಯಲ್ಲಿಟ್ಟು ಹಿಡಿದರು. ಅವಳು ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿಗೆ ದಾರ ಸುತ್ತಿ, ಗಂಟು ಹಾಕಿ, ತುದಿಯನ್ನು ಹಲ್ಲಿನಿಂದ ಕಡಿದಳು. ಅಯ್ಯನವರು ಕೈ ಬಿಟ್ಟರು. ಲಿಂಗ ನಿಂತಿತು.

ಮದರಬೀ ಮೇಲೆ ಬರಲಿಲ್ಲ. ಆ ಕೈಯನ್ನು ಹಿಡಿದುಕೊಂಡೇ ಎಲ್ಲರಿಗೂ ಕೇಳುವಂತೆ ಹೇಳಿದಳು.

"ನಾ ನೋಡಿದ್ದೆ ಸಾಹೇಬ್ರ. ಇಬ್ರನ್ನೂ ನೋಡಿದ್ದೆ. ಹನ್ನೆರಡು ಏಟು."

ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದ ಗಂಗಾದೇವಿಯ ಎಡ ಅಂಗೈ, ಲಿಂಗ ಬಿದ್ದರೆ ಹಿಡಿಯಲೆಂಬಂತೆ, ಇನ್ನೂ ಕುಣಿಯ ಮೇಲೆ ಚಾಚಿಕೊಂಡೇ ಇತ್ತು. ಬಾಳಪ್ಪ ಬಗ್ಗಿ, ಆ ಅಂಗೈಯೊಳಗೆ ಮೊದಲ ಹಿಡಿ ಮಣ್ಣು ಇಟ್ಟ.